ನಾನು ತಮ್ಮನ ಗ್ರಹಗಳನ್ನು ತಿದ್ದಿದ್ದು

ತಮ್ಮ ಹೋದ ಸುದ್ದಿ ಬಂದಾಗ ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿದ್ದೆ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಯ ಮೇಲೆ ಇನ್ನೂ ಸಾಬೂನಿನ ನೊರೆ ಇತ್ತು. ಬುಧವಾರ, ಬೆಳಗ್ಗೆ ಒಂಬತ್ತೂ ಇಪ್ಪತ್ತು. ನಮ್ಮ ಮೇಲ್ಮನೆಯ ದರ್ಜಿ ಅಂಗಡಿಯ ಬಾಗಿಲಲ್ಲೇ ನಿಂತು, "ಅಣ್ಣಾವ್ರೇ, ನಿಮ್ಮ ತಮ್ಮ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಕ್ಷೌರದವನು ಕತ್ತಿ ತೆಗೆದ. ನಾನು ಎದ್ದು ಹಾಗೇ ನಡೆದೆ.

ಆ ದಿನ ಬಂದವರೆಲ್ಲ ನನ್ನ ಮುಖ ನೋಡಿ ಅತ್ತರು. ಅರ್ಧ ಬೋಳಿಸಿದ ಮುಖ ನೋಡಿ ನಗು ಬಂದವರು ಅದನ್ನೂ ಅಳುವಿನೊಳಗೇ ಮುಚ್ಚಿಕೊಂಡರೆಂದು ಆಮೇಲೆ ನನ್ನ ಹೆಂಡತಿ ಹೇಳಿದಳು. ಸಂಜೆ ಕನ್ನಡಿಯ ಮುಂದೆ ನಿಲ್ಲುವವರೆಗೆ ನನಗೆ ಗೊತ್ತಾಗಲಿಲ್ಲ. ದೇವರು ದುಃಖ ಕೊಡುವಾಗ ಜೊತೆಗೆ ಸ್ವಲ್ಪ ಮಾನವನ್ನೂ ತೆಗೆದುಕೊಂಡು ಹೋಗುತ್ತಾನೆ. ಅದು ಅವನ ಪದ್ಧತಿ. ನಾನು ತಕರಾರು ಮಾಡುವವನಲ್ಲ.

ತಮ್ಮನದು ಗಡಿಯಾರ ರಿಪೇರಿಯ ಕೆಲಸ. ನನ್ನ ಮನೆಯಿಂದ ಮೂರನೆಯ ಮನೆ ಅವನದು. ನಲವತ್ತು ವರ್ಷ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತವನನ್ನು, ಉಬ್ಬಸ ಹೆಚ್ಚಾಯಿತೆಂದು ಡಾಕ್ಟರು ಅಂಗಡಿ ಬಿಡಿಸಿ ಮನೆಯಲ್ಲಿ ಕೂರಿಸಿದರು. ಸುಮ್ಮನೆ ಕೂರಲು ಅವನಿಗೆ ಬರಲಿಲ್ಲ. ಒಂದು ಕಂಪ್ಯೂಟರ್ ತರಿಸಿದ. ಅದರಲ್ಲಿ ಆಕಾಶ ಕಟ್ಟುವ ಆಟ ಆಡತೊಡಗಿದ. ಸೂರ್ಯನನ್ನು ಇಡಬಹುದು, ಗ್ರಹಗಳನ್ನು ಇಡಬಹುದು, ಗ್ರಹದ ಮೇಲೆ ಗುಡ್ಡ, ಮನೆ, ಏನು ಬೇಕಾದರೂ ಕಟ್ಟಬಹುದು. ಮಿಕ್ಕವರೆಲ್ಲ ಗ್ರಹಗಳನ್ನು ಹಳಿಯ ಮೇಲಿನ ರೈಲಿನ ಹಾಗೆ ಗೆರೆಯ ಮೇಲೆ ಓಡಿಸಿ ಸುಮ್ಮನಾಗುತ್ತಾರಂತೆ. ಇವನಿಗೆ ಅದು ಸಾಲಲಿಲ್ಲ.

"ಹಳಿ ಹಾಕಿದ್ರೆ ಅದು ಕೀ ಕೊಟ್ಟ ಗೊಂಬೆ, ಅಣ್ಣ. ಸೂರ್ಯ ಎಳೀತಾ ಇರ್ಬೇಕು, ಇದು ತಪ್ಪಿಸ್ಕೊಂಡು ಓಡ್ತಾ ಇರ್ಬೇಕು. ಬೀಳೋಕೂ ಆಗ್ದೆ, ಓಡಿಹೋಗೋಕೂ ಆಗ್ದೆ ಸುತ್ತುತ್ತಾ ಇರ್ಬೇಕು. ಆಗ ನಿಜ."

"ಅದನ್ನ ನೋಡೋಕೆ ಕಂಪ್ಯೂಟರ್ ಯಾಕೆ?" ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡುತ್ತಾ. "ಐವತ್ತು ವರ್ಷದಿಂದ ನಾನು ಅದನ್ನೇ ಮಾಡ್ತಿದೀನಿ."

ಹದಿನಾಲ್ಕು ತಿಂಗಳು ಅವನು ಅದನ್ನೇ ಮಾಡಿದ. ಒಂದು ನೋಟುಪುಸ್ತಕದಲ್ಲಿ ದಿನವೂ ಬರೆದಿಟ್ಟಿದ್ದ: "ಮೂರನೆಯದು ಸೂರ್ಯನಿಗೆ ಬಿತ್ತು. ಮಾತ್ರೆ ತೆಗೆದುಕೊಂಡೆ." "ಐದನೆಯದು ಓಡಿಹೋಯಿತು. ಕೆಮ್ಮು." "ಇವತ್ತೂ ಬಿತ್ತು." ಕೊನೆಗೆ ಏಳು ಗ್ರಹಗಳೂ ನಿಂತವು, ಅಂದರೆ ನಿಲ್ಲದೆ ಸುತ್ತಿದವು. ಬೂದುಬಣ್ಣದ ಒಂದು ಗ್ರಹದ ಮೇಲೆ ಅವನು ಒಂದು ಕಲ್ಲುಬೆಂಚು ಕಟ್ಟಿದ. ಆ ಬೆಂಚಿನ ಮೇಲೆ ಕುಳಿತಂತೆ ಪರದೆಯಲ್ಲಿ ನೋಡಿದರೆ, ದಿನಾ ಸಂಜೆ ಆರರ ಹೊತ್ತಿಗೆ ಗುಡ್ಡದ ಹಿಂದಿನಿಂದ ನೀಲಿ ಗ್ರಹ ಏಳುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಮಂಚದ ಮೇಲೆ ಕುಳಿತು ಅದನ್ನು ನೋಡಿ, ಆಮೇಲೆ ಊಟ ಮಾಡುತ್ತಿದ್ದರು.

ನಾನು ಒಮ್ಮೆ ನೋಡಲು ಹೋದಾಗ ಅವನು ಮೇಲಿನಿಂದ ಕಾಣುವ ಇಡೀ ನಕ್ಷೆ ತೋರಿಸಿದ. ನನಗೆ ಸಂಕಟವಾಯಿತು. ನಾನು ನಕ್ಷೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೈವಾರ ಹಿಡಿದವನು. ಅಲ್ಲಿ ಒಂದು ದಾರಿಯೂ ದುಂಡಗಿರಲಿಲ್ಲ.

"ಇದೇನೋ, ಎಲ್ಲಾ ಮೊಟ್ಟೆ ಹಾಗಿದೆ? ಸೂರ್ಯ ಕೂಡ ನಡುವೆ ಇಲ್ಲ."

"ಅದು ಹಾಗೇ ಇರ್ಬೇಕು, ಅಣ್ಣ," ಎಂದು ನಕ್ಕ. ನಗುವಿನ ಹಿಂದೆಯೇ ಕೆಮ್ಮು ಬಂತು. ಕೈ ನಡುಗುತ್ತಿತ್ತು. ಪಾಪ, ಕೈ ನಡುಗುವವನು ಬರೆದ ಗೆರೆ ಇನ್ನು ಹೇಗಿದ್ದೀತು ಎಂದುಕೊಂಡು ಸುಮ್ಮನಾದೆ. ಅವನ ಸ್ಲೇಟಿನ ಮೇಲಿನ ಅಕ್ಷರವನ್ನು ತಿದ್ದಿದವನು ನಾನು. ಅವನ ಅಂಗಿಯ ಕಾಲರ್, ಅವನ ಸಹಿ, ಮದುವೆಯ ದಿನ ಅವನು ನಿಂತ ರೀತಿ, ಎಲ್ಲವನ್ನೂ ತಿದ್ದಿದ್ದೇನೆ. ಅವನು ಒಮ್ಮೆಯೂ ಎದುರಾಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದು ಎಣಿಸಿಕೊಂಡಿದ್ದೆ.

ತಮ್ಮ ಹೋದಮೇಲೆ ಅವನ ಹೆಂಡತಿ ಊಟ ಬಿಟ್ಟಳು. ಎರಡು ದಿನ ಯಾರ ಮಾತಿಗೂ ಬಾಯಿ ತೆರೆಯಲಿಲ್ಲ. ಮೂರನೆಯ ಸಂಜೆ ಕಂಪ್ಯೂಟರಿನಲ್ಲಿ ನೀಲಿ ಗ್ರಹ ತಾನಾಗಿಯೇ ಎದ್ದಿತು. ಅದನ್ನು ಆರಿಸುವುದು ಯಾರಿಗೂ ತಿಳಿಯದೆ ಅದು ಓಡುತ್ತಲೇ ಇತ್ತು. ಅವಳು ನೋಡಿದಳು. "ಬಂತು," ಎಂದಳು. ಒಳಗೆ ಹೋಗಿ ನಾಲ್ಕು ತುತ್ತು ತಿಂದಳು. ಅಂದಿನಿಂದ ಅದೇ ಕ್ರಮವಾಯಿತು. ಗ್ರಹ ಎದ್ದರೆ ಊಟ. ನಮ್ಮ ಅಕ್ಕ, ಎಂಬತ್ತರ ಹತ್ತಿರದವಳು, ಕೋಲು ಊರಿಕೊಂಡು ಬಂದು ಎಲ್ಲರಿಗೂ ಅಪ್ಪಣೆ ಕೊಟ್ಟಳು: "ಯಾರೂ ಆ ಪೆಟ್ಟಿಗೆ ಮುಟ್ಟಕೂಡದು. ಅದು ಎದ್ದರೆ ಇವಳು ಬದುಕ್ತಾಳೆ."

ಹತ್ತು ದಿನ ಕಳೆದ ಮೇಲೆ ಆ ಆಟದ ಕಡೆಯಿಂದ ಒಂದು ಪತ್ರ ಪರದೆಯ ಮೇಲೆ ಬಂತು. ತಮ್ಮನ ಜೊತೆ ಆಡುತ್ತಿದ್ದವರು ಬರೆದಿದ್ದರು: "ಹಿರಿಯರ ಸೌರಮಂಡಲ ನಮಗೆಲ್ಲ ಮಾದರಿ. ಇನ್ನು ಮುಂದೆ ಅದನ್ನು ಯಾರು ನೋಡಿಕೊಳ್ಳುತ್ತಾರೆ?" ದರ್ಜಿ ಅದನ್ನು ಗಟ್ಟಿಯಾಗಿ ಓದಿದ. ಕೋಣೆಯ ತುಂಬ ನೆಂಟರು. ಎಲ್ಲರೂ ಸುಮ್ಮನಿದ್ದಾಗ ಹಿರಿಯನಾದವನು ಮಾತಾಡಬೇಕಲ್ಲ.

"ನಾನು ನೋಡ್ಕೋತೀನಿ," ಎಂದೆ. "ನಕ್ಷೆ ಕಚೇರಿಯಲ್ಲಿ ಇದ್ದವನಿಗೆ ಇದೇನು ಮಹಾ?"

"ನಿಮಗೆ ಮೊಬೈಲಲ್ಲಿ ಅಲಾರಂ ಆರಿಸೋಕೆ ಬರಲ್ಲ," ಎಂದಳು ನನ್ನ ಹೆಂಡತಿ.

"ಅಲಾರಂ ಬೇರೆ, ಆಕಾಶ ಬೇರೆ," ಎಂದೆ. ಎಲ್ಲರೂ ತಲೆದೂಗಿದರು. ಸಾವಿನ ಮನೆಯಲ್ಲಿ ಮುದುಕರು ಏನು ಹೇಳಿದರೂ ಜನ ತಲೆದೂಗುತ್ತಾರೆ. ಅದೇ ನನ್ನನ್ನು ಕೆಡಿಸಿತು.

ಮರುದಿನ ಬೆಳಗ್ಗೆ ಸ್ನಾನ, ಪ್ರಾರ್ಥನೆ ಮುಗಿಸಿ, ಕನ್ನಡಕ ಒರೆಸಿಕೊಂಡು ಪರದೆಯ ಮುಂದೆ ಕುಳಿತೆ. ತಮ್ಮನಿಗೆ ಬದುಕಿದ್ದಾಗ ಮಾಡಲಾಗದ ಒಂದು ಉಪಕಾರವನ್ನು ಈಗ ಮಾಡುವುದೆಂದು ನಿಶ್ಚಯಿಸಿದ್ದೆ. ಆಟದಲ್ಲಿ ಗೆರೆ ಎಳೆಯುವ ಪೆನ್ಸಿಲ್ ಇತ್ತು. ಸೂರ್ಯನನ್ನು ನಡುವೆ ಇಟ್ಟು ಏಳು ವೃತ್ತ ಬರೆದೆ. ಎಷ್ಟು ಚೆನ್ನಾಗಿ ಬಂದವೆಂದರೆ ನಮ್ಮ ಹಳೆಯ ಮೇಲಧಿಕಾರಿ ನೋಡಿದ್ದರೆ ಎದ್ದು ನಿಲ್ಲುತ್ತಿದ್ದರು. ಆಮೇಲೆ ಒಂದೊಂದೇ ಗ್ರಹವನ್ನು ಎತ್ತಿ, ಹತ್ತಿರದಲ್ಲಿದ್ದದ್ದನ್ನು ದೂರ ಸರಿಸಿ, ದೂರದಲ್ಲಿದ್ದದ್ದನ್ನು ಹತ್ತಿರ ತಂದು, ಅದರದರ ವೃತ್ತದ ಮೇಲೆ ಕೂರಿಸಿದೆ. ಕೊನೆಗೆ ಯಂತ್ರ ಕೇಳಿತು: "ಬದಲಾವಣೆಗಳನ್ನು ಉಳಿಸಬೇಕೆ? ಹಿಂದಿನದು ಅಳಿಸಿಹೋಗುತ್ತದೆ." ಒಳ್ಳೆಯ ಕೆಲಸವನ್ನು ಉಳಿಸದವರುಂಟೆ? "ಹೌದು" ಎಂದು ಒತ್ತಿದೆ.

ಮಧ್ಯಾಹ್ನ ಒಂದು ನಿದ್ದೆ ತೆಗೆದು ಎದ್ದು ಬಂದು ನೋಡಿದಾಗ ಏಳು ಗ್ರಹಗಳ ಪೈಕಿ ಎರಡು ಇರಲಿಲ್ಲ.

ಮೊದಲು ಮಂಚದ ಕೆಳಗೆ ನೋಡಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ದೇವರು ನೋಡಿದ್ದಾನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಳೆದ ವಸ್ತುವನ್ನು ಮಂಚದ ಕೆಳಗೆ ಹುಡುಕುವುದು ನನ್ನ ಎಪ್ಪತ್ತು ವರ್ಷದ ಅಭ್ಯಾಸ. ಮತ್ತೆ ಪರದೆ ನೋಡುತ್ತಿರುವಾಗಲೇ ಮೂರನೆಯದೊಂದು, ಕೆಂಪಗಿನದು, ಸದ್ದಿಲ್ಲದೆ ಹೋಗಿ ಸೂರ್ಯನೊಳಗೆ ಇಳಿಯಿತು. ನೀಲಿ ಗ್ರಹ ನಾನು ಬರೆದ ವೃತ್ತಕ್ಕೆ ಬೆನ್ನು ತಿರುಗಿಸಿ, ಯಾರದೋ ಮೇಲಿನ ಸಿಟ್ಟಿಗೆ ಮನೆ ಬಿಟ್ಟವರ ಹಾಗೆ, ಪರದೆಯ ಮೂಲೆಯತ್ತ ಹೊರಟಿತ್ತು. ಗಂಟೆ ಐದೂವರೆ.

ಆರು ಗಂಟೆಗೆ ತಮ್ಮನ ಹೆಂಡತಿ ಬರುತ್ತಾಳೆ. ಗ್ರಹ ಏಳದಿದ್ದರೆ ಊಟವಿಲ್ಲ.

ಭಗವಂತಾ ಎಂದು ಮೌಸ್ ಹಿಡಿದೆ. ಓಡುತ್ತಿದ್ದ ನೀಲಿ ಗ್ರಹವನ್ನು ಹಿಡಿದು ಎಳೆದು ತಂದು ಗುಡ್ಡದ ಹಿಂದೆ ಅಡಗಿಸಿಟ್ಟೆ. ಅವಳು ಬಂದು ಕುರ್ಚಿಯಲ್ಲಿ ಕುಳಿತಳು. ನಾನು ಪಕ್ಕದಲ್ಲಿ ಪೇಪರ್ ಓದುವವನ ಹಾಗೆ ಕುಳಿತು, ಪೇಪರಿನ ಕೆಳಗೆ ಮೌಸ್ ಇಟ್ಟುಕೊಂಡು, ಗೋಡೆ ಗಡಿಯಾರದ ಮುಳ್ಳು ಆರಕ್ಕೆ ಸರಿಯಾಗಿ ಬಂದ ಕೂಡಲೇ ಗ್ರಹವನ್ನು ನಿಧಾನವಾಗಿ ಮೇಲೆತ್ತಿದೆ.

"ಬಂತು," ಎಂದಳು. ಸ್ವಲ್ಪ ಹೊತ್ತು ನೋಡಿ, "ಯಾಕೋ ನಡುಗ್ತಿದೆ, ಭಾವ," ಎಂದಳು.

"ಅಲ್ಲಿ ಗಾಳಿ ಇರ್ಬೇಕಮ್ಮ."

ಅವಳು ಒಳಗೆ ಹೋದಳು. ತಟ್ಟೆ ಲೋಟಗಳ ಸದ್ದು ಕೇಳಿಸಿತು. ದೇವರಿಗೆ ಕೈಮುಗಿದು ಮನೆಗೆ ಹೊರಟೆ. ನಾನು ಕೈ ಬಿಟ್ಟ ಕೂಡಲೇ ಗ್ರಹವೂ ಹೊರಟಿತ್ತು.

ಮರುದಿನ ಬೆಳಗ್ಗೆ ಹಿಂದಿನ ಬೀದಿಯ ನಿವೃತ್ತ ವಿಜ್ಞಾನ ಮೇಷ್ಟ್ರ ಕಾಲು ಹಿಡಿದೆ. ಬೀದಿಯಲ್ಲಿ ಅವರಿಗೆ "ಆದರೂ ಮೇಷ್ಟ್ರು" ಎಂದು ಹೆಸರು. ಯಾವ ಮಾತನ್ನೂ ಅವರು ಆದರೂ ಎಂದೇ ಶುರುಮಾಡುತ್ತಾರೆ. ಗುಟ್ಟು ಕಾಯುವುದಾಗಿ ಮಾತು ಕೊಟ್ಟು ಬಂದು, ತಮ್ಮನ ನೋಟುಪುಸ್ತಕವನ್ನು ಒಂದು ಗಂಟೆ ಓದಿದರು. ಕಣ್ಣೊರೆಸಿಕೊಂಡರು. ಆಮೇಲೆ ನನ್ನ ವೃತ್ತಗಳನ್ನು ನೋಡಿ ಇನ್ನೊಮ್ಮೆ ಕಣ್ಣೊರೆಸಿಕೊಂಡರು.

"ಆದರೂ ಯಜಮಾನರೇ, ಇವನ್ನ ದುಂಡಗೆ ಮಾಡಿ ಅಂತ ನಿಮಗೆ ಯಾರು ಹೇಳಿದ್ದು?"

"ಮೊಟ್ಟೆ ಹಾಗಿತ್ತು, ಮೇಷ್ಟ್ರೇ."

"ನಿಜವಾದ ಗ್ರಹ ಹೋಗೋದೇ ಹಾಗೆ. ಸೂರ್ಯನ ಹತ್ತಿರ ಬಂದಾಗ ಓಡುತ್ತೆ, ದೂರ ಹೋದಾಗ ನಿಧಾನಕ್ಕೆ ನಡೆಯುತ್ತೆ. ಓಡ್ತಿದ್ದ ನೀಲಿಯನ್ನ ನೀವು ಎತ್ತಿ, ನಡೆಯೋ ಜಾಗದಲ್ಲಿ ಬಿಟ್ಟಿದೀರಿ. ಅದು ಓಡ್ತಾನೇ ಹೋಯ್ತು. ನಡೀತಿದ್ದ ಕೆಂಪನ್ನ ಓಡೋ ಜಾಗದಲ್ಲಿ ಬಿಟ್ರಿ. ಅದಕ್ಕೆ ಓಡೋಕೆ ಆಗ್ಲಿಲ್ಲ, ಬಿತ್ತು."

"ಮತ್ತೆ ಮೊದಲಿನ ಹಾಗೆ ಮಾಡಿಕೊಡಿ."

"ಏಳೂ ಒಂದನ್ನೊಂದು ಎಳೀತಿದ್ದವು. ಅವರು ಹದಿನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಮಾಡಿದ್ದು. ನನ್ನ ಕೈಲಿ ಆಗೋದಿಲ್ಲ." ಬಾಗಿಲವರೆಗೆ ಹೋಗಿ ತಿರುಗಿ, "ಆದರೂ ನಿಮ್ಮ ವೃತ್ತ ಮಾತ್ರ ಅಚ್ಚುಕಟ್ಟಾಗಿದೆ," ಎಂದರು. ಜೀವನದಲ್ಲಿ ಅಷ್ಟು ನೋಯಿಸಿದ ಹೊಗಳಿಕೆಯನ್ನು ನಾನು ಕೇಳಿಲ್ಲ.

ಅಂದಿನಿಂದ ನನ್ನ ಬದುಕು ಸಂಜೆ ಆರಕ್ಕೆ ಗಂಟುಬಿದ್ದಿತು. ಎಲ್ಲಿದ್ದರೂ ಐದೂವರೆಗೆ ಎದ್ದು ಓಡುತ್ತಿದ್ದೆ. ಹಲ್ಲಿನ ಡಾಕ್ಟರ ಕುರ್ಚಿಯಿಂದ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಒಮ್ಮೆ ಓಡಿದೆ. ಅಕ್ಕನನ್ನು ಬಸ್ಸಿಗೆ ಹತ್ತಿಸಲು ಹೋದವನು, ಅವಳ ಒಂದು ಕಾಲು ಮೆಟ್ಟಿಲ ಮೇಲಿರುವಾಗಲೇ ಅವಳ ಚೀಲ ಹೊತ್ತುಕೊಂಡು ಓಡಿದೆ. ಊಟ ಮಾಡುವಾಗ ಹೆಬ್ಬೆರಳೂ ತೋರುಬೆರಳೂ ತಾವಾಗಿಯೇ ಏನನ್ನೋ ಎತ್ತಿ ಇಡುತ್ತಿದ್ದವು. ಹೆಂಡತಿ ಕೇಳಿದರೆ, "ಏನಿಲ್ಲ, ಇನ್ನೂ ನಾಲ್ಕು ಉಳಿದಿವೆ," ಎಂದುಬಿಟ್ಟೆ.

"ನಾಲ್ಕು ಏನು?"

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವಳು ಅಕ್ಕನಿಗೆ ಹೇಳಿದಳು. ಅಕ್ಕ ದರ್ಜಿಗೆ ಹೇಳಿದಳು. ದರ್ಜಿ ಬಟ್ಟೆ ಅಳೆಸಲು ಬಂದವರಿಗೆಲ್ಲ ಅಳತೆಯ ಜೊತೆ ಇದನ್ನೂ ಕೊಟ್ಟ. ವಾರದೊಳಗೆ ಇಡೀ ಬೀದಿ ನನ್ನನ್ನು ಕಂಡರೆ ಮೃದುವಾಗಿ, ಮಗುವಿನೊಡನೆ ಮಾತಾಡುವ ಹಾಗೆ ಮಾತಾಡತೊಡಗಿತು. "ತಮ್ಮನ ದುಃಖ ತಲೆಗೇರಿದೆ. ಪಾಪ."

ಹನ್ನೆರಡನೆಯ ದಿನ ಐದೂವರೆಗೆ ಓಡಿಬಂದರೆ, ತಮ್ಮನ ಮನೆಯ ಮುಂದಿನ ಕಂಬದ ಮೇಲೆ ಲೈನ್‌ಮನ್ ಏರಿದ್ದ.

"ಯಜಮಾನ್ರೇ, ಕರೆಂಟ್ ತೆಗೀತಿದೀನಿ. ಒಂದು ಗಂಟೆ."

"ಬೇಡಪ್ಪ. ಆರೂ ಹತ್ತಕ್ಕೆ ತೆಗಿ."

"ಯಾಕೆ? ಮನೇಲಿ ಆಕ್ಸಿಜನ್ ಮೆಷಿನ್ ಏನಾದ್ರೂ ಇದೆಯಾ?"

"ಇಲ್ಲ. ಗ್ರಹ ಎತ್ತಬೇಕು."

"ಏನೆತ್ತಬೇಕು?"

"ಗ್ರಹ. ನೀಲಿದು. ನಾನು ಎತ್ತದಿದ್ರೆ ಇವತ್ತು ಅದು ಏಳೋದಿಲ್ಲ."

ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ನನ್ನನ್ನು ನೋಡಿದ. ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು ಜೇಬಿನಿಂದ ಮೊಬೈಲ್ ತೆಗೆದ.

"ಸಾರ್, ಇಲ್ಲೊಬ್ರು ಹಿರಿಯರು ಗ್ರಹ ಎತ್ತಬೇಕಂತೆ, ಲೈನ್ ಬಿಡಿ ಅಂತಿದಾರೆ... ಇಲ್ಲ ಸಾರ್, ಕುಡಿದ ಹಾಗಿಲ್ಲ... ಕೇಳ್ತೀನಿ ಸಾರ್. ಯಜಮಾನ್ರೇ, ಎಷ್ಟು ತೂಕದ್ದು ಅಂತ ಕೇಳ್ತಿದಾರೆ."

"ಭೂಮಿಗಿಂತ ಸ್ವಲ್ಪ ಕಡಿಮೆ."

"ಸಾರ್, ಭೂಮಿಗಿಂತ ಸ್ವಲ್ಪ ಕಡಿಮೆಯಂತೆ... ಸರಿ ಸಾರ್." ಮೊಬೈಲ್ ಜೇಬಿಗಿಟ್ಟ. "ಭಾರ ಎತ್ತೋ ಕೆಲಸಕ್ಕೆ ಮೂರು ದಿನ ಮುಂಚೆ ಅರ್ಜಿ ಕೊಡ್ಬೇಕಂತೆ."

ಜನ ಸೇರಿದರು. ದರ್ಜಿ ಕತ್ತರಿ ಹಿಡಿದುಕೊಂಡೇ ಬಂದ. ಅಕ್ಕ ಕೋಲೂರಿಕೊಂಡು ಬಂದು, "ಲೋ, ಮನೆಗೆ ನಡಿ. ನಾಳೆ ಡಾಕ್ಟರ ಹತ್ರ ಹೋಗೋಣ," ಎಂದಳು. ಹೆಂಡತಿ ನನ್ನ ತೋಳು ಹಿಡಿದಳು. ಆ ಹೊತ್ತಿಗೆ ಲೈನ್‌ಮನ್ ತಂತಿ ಬಿಡಿಸಿದ. ಮನೆಯೊಳಗೆ ಕಂಪ್ಯೂಟರ್ ಒಮ್ಮೆ ಕೂಗಿ ಸುಮ್ಮನಾಯಿತು.

ನನಗೆ ತಡೆಯಲಾಗಲಿಲ್ಲ. "ನನಗೆ ಹುಚ್ಚು ಹಿಡಿದಿಲ್ಲ!" ಎಂದು ಬೀದಿಯ ನಡುವೆ ಕಿರುಚಿದೆ. "ತಮ್ಮ ಕಟ್ಟಿದ್ದನ್ನೆಲ್ಲ ತಿದ್ದೋಕೆ ಹೋಗಿ ಹಾಳು ಮಾಡಿದ್ದು ನಾನು! ಮೂರು ಸೂರ್ಯನೊಳಗೆ ಬಿದ್ದು ಹೋದವು! ಹನ್ನೊಂದು ದಿನದಿಂದ ನೀಲಿಯನ್ನ ನಾನೇ ಕೈಯಿಂದ ಎತ್ತುತ್ತಿದೀನಿ! ಅದು ಏಳದಿದ್ರೆ ಅವಳು ಊಟ ಮಾಡೋದಿಲ್ಲ!"

ಕಂಬದ ಮೇಲಿನವನು ತಲೆ ತಗ್ಗಿಸಿದ. ಆಗ ನೋಡಿದೆ, ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ನನಗೆ ಗೊತ್ತಿತ್ತು, ಭಾವ," ಎಂದಳು.

"ಯಾವಾಗಿಂದ?"

"ಮೊದಲನೇ ದಿನದಿಂದ. ಅವರದು ಯಾವತ್ತೂ ಆರಕ್ಕೆ ಸರಿಯಾಗಿ ಬಂದಿದ್ದಿಲ್ಲ. ಪಕ್ಕದ ಕೆಂಪುದು ಎಳೆಯುತ್ತೆ ಅಂತ ಒಂದಿನ ನಾಲ್ಕು ನಿಮಿಷ ಮುಂಚೆ, ಒಂದಿನ ಒಂಬತ್ತು ನಿಮಿಷ ತಡ. ಗೋಡೆ ಗಡಿಯಾರ ನೋಡ್ಕೊಂಡು ಏಳೋ ಗ್ರಹ ನಿಮ್ಮದಲ್ಲದೆ ಇನ್ಯಾರದು?"

"ಮತ್ತೆ ಹೇಳಬಾರದಿತ್ತೇನಮ್ಮ?"

"ಪೇಪರ್ ತಲೆಕೆಳಗಾಗಿ ಹಿಡ್ಕೊಂಡು, ಬೆವರು ಸುರಿಸ್ತಾ ಕೂತಿರ್ತಿದ್ರಿ. ಹೇಗೆ ಹೇಳಲಿ?"

ನನ್ನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. "ಹಾಗಾದ್ರೆ ಈ ಹನ್ನೊಂದು ದಿನ ಊಟ?"

ಅವಳು ನೆಲ ನೋಡಿದಳು. "ಬೆಳಗ್ಗೆ ಒಂದಿಷ್ಟು ಹಾಲು ಕುಡೀತಿದ್ದೆ, ಅಕ್ಕ. ಸಂಜೆ ತಟ್ಟೆ ಲೋಟ ಸದ್ದು ಮಾಡ್ತಿದ್ದೆ. ಭಾವ ನೆಮ್ಮದಿಯಾಗಿ ಮನೆಗೆ ಹೋಗಲಿ ಅಂತ."

ನಾನು ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ಒಬ್ಬಳನ್ನು ಉಣ್ಣಿಸಲೆಂದು ನಾನು ಸುಳ್ಳು ಗ್ರಹ ಎತ್ತಿದೆ. ನನ್ನನ್ನು ಸಮಾಧಾನಪಡಿಸಲೆಂದು ಅವಳು ಖಾಲಿ ತಟ್ಟೆ ಬಡಿದಳು. ಆ ಹನ್ನೊಂದು ಸಂಜೆ ದೇವರು ಮೇಲೆ ಕುಳಿತು ಯಾರ ಕಡೆ ನೋಡಿದನೋ, ನನಗೆ ತಿಳಿಯದು.

ಕರೆಂಟ್ ಬಂದಾಗ ಏಳು ಗಂಟೆ. ಮೇಷ್ಟ್ರು ಬಂದು ಕಂಪ್ಯೂಟರ್ ಮತ್ತೆ ಹಾಕಿ, ನಾನು ಹಿಂದಿನ ದಿನ ನೀಲಿಯನ್ನು ಬಿಟ್ಟ ಜಾಗದಿಂದ ಲೆಕ್ಕ ಹಾಕಿದರು. ಲೈನ್‌ಮನ್ ಕೂಡ ಮನೆಗೆ ಹೋಗದೆ ಬಾಗಿಲಲ್ಲಿ ನಿಂತಿದ್ದ. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು.

"ತುಂಬ ಉದ್ದನೆಯ ಮೊಟ್ಟೆ ಇದು. ಆದರೂ ಓಡಿಹೋಗೋದಿಲ್ಲ. ಯಾರೂ ಮುಟ್ಟದೆ ಬಿಟ್ಟರೆ ಮೂವತ್ತೇಳು ದಿನಕ್ಕೆ ತಿರುಗಿ ಬರುತ್ತೆ."

"ತಾನಾಗೇ?" ಎಂದು ಕೇಳಿದಳು ತಮ್ಮನ ಹೆಂಡತಿ.

"ತಾನಾಗೇ."

"ಹಾಗಾದ್ರೆ ಬಿಡಿ, ಭಾವ. ಯಾರೂ ಎತ್ತೋದು ಬೇಡ. ಕಾಯ್ತೀನಿ."

ನನ್ನ ಹೆಂಡತಿ ಅಷ್ಟರಲ್ಲಿ ತಟ್ಟೆಗೆ ಬಡಿಸಿಕೊಂಡು ಬಂದಿದ್ದಳು. "ಕಾಯಿ. ಬೇಡ ಅನ್ನೋರು ಯಾರು? ಆದ್ರೆ ಮೂವತ್ತೇಳು ದಿನ ಹಾಲು ಕುಡ್ಕೊಂಡು ಕಾಯೋಕಾಗಲ್ಲ. ಅದು ಬರೋ ಹೊತ್ತಿಗೆ ನೋಡೋಕೆ ನೀನು ಇರ್ಬೇಕಲ್ಲ? ಬಾಯಿ ತೆಗಿ."

ಅವಳು ಒಂದು ಕ್ಷಣ ಪರದೆ ನೋಡಿದಳು. ಅಲ್ಲಿ ಬರಿಯ ಗುಡ್ಡವಿತ್ತು, ಬೆಂಚಿತ್ತು, ಕತ್ತಲಿತ್ತು. ಆಮೇಲೆ ತಟ್ಟೆ ತೆಗೆದುಕೊಂಡು, ನಮ್ಮೆಲ್ಲರ ಎದುರಿಗೆ, ಅಳುತ್ತಲೇ ಉಂಡಳು. ಒಮ್ಮೆ ಬಡಿಸಿದ್ದು ಮುಗಿದಾಗ ಮತ್ತೊಮ್ಮೆ ಬಡಿಸಲು ಹೇಳಿದಳು. ಲೈನ್‌ಮನ್ ಮುಖ ತಿರುಗಿಸಿಕೊಂಡು, "ಇನ್ಮೇಲೆ ಈ ಬೀದಿ ಲೈನ್ ತೆಗೆಯೋ ಮುಂಚೆ ನಿಮ್ಮನ್ನ ಕೇಳ್ತೀನಿ, ಯಜಮಾನ್ರೇ," ಎಂದು ಹೊರಟುಹೋದ.

ಅದು ಬಂದದ್ದು ಮೂವತ್ತೇಳಕ್ಕಲ್ಲ, ಮೂವತ್ತಾರಕ್ಕೆ. ಸಂಜೆಯಲ್ಲ, ಬೆಳಗ್ಗೆ ಹತ್ತೂವರೆಗೆ. ಉಳಿದ ಗ್ರಹಗಳು ಎಳೆದಿದ್ದವಂತೆ. ತರಕಾರಿ ಹೆಚ್ಚುತ್ತಿದ್ದವಳು, "ಭಾವಾ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದಳು. ನಾನು ಚಪ್ಪಲಿ ಇಲ್ಲದೆ ಓಡಿದೆ. ನೀಲಿ ಗ್ರಹ ಗುಡ್ಡದ ಹಿಂದಿನಿಂದಲ್ಲ, ಪಕ್ಕದಿಂದ ಓರೆಯಾಗಿ ಎದ್ದು, ಬೆಂಚಿನ ಮೇಲೆ ಹಾದು, ಬಹಳ ದೊಡ್ಡದಾಗಿ, ಬಹಳ ವೇಗವಾಗಿ ಹೋಗುತ್ತಿತ್ತು. ಸ್ವಲ್ಪ ಎಡಕ್ಕೆ ಸರಿಸಿದ್ದರೆ ಪರದೆಯ ನಡುವೆ ಬಂದು ನೋಡಲು ಇನ್ನೂ ಚೆನ್ನಾಗಿರುತ್ತಿತ್ತು. ನನ್ನ ಬಲಗೈ ಮೌಸಿನ ಕಡೆ ಹೋಯಿತು. ಅದನ್ನು ಎಡಗೈಯಿಂದ ಹಿಡಿದುಕೊಂಡು ನಿಂತೆ. ಅದು ದಾಟಿ ಹೋಗುವವರೆಗೂ ಬಿಡಲಿಲ್ಲ.

ದೇವರೇ, ನನ್ನ ತಮ್ಮ ನಿನ್ನ ಬಳಿಗೆ ಬಂದಿದ್ದಾನೆ. ಉಸಿರಿಗಾಗಿ ಬಹಳ ಒದ್ದಾಡಿದವನು; ಅವನಿಗೆ ಅಲ್ಲಿ ಧಾರಾಳವಾಗಿ ಉಸಿರು ಕೊಡು. ಮಾತು ಕಡಿಮೆ, ಕೇಳದಿದ್ದರೂ ಅವನಿಗೆ ಬೇಕಾದ್ದನ್ನು ನೀನೇ ತಿಳಿದು ಕೊಡು. ಅವನ ಕಾಲರ್ ಸರಿಯಿಲ್ಲದಿದ್ದರೆ ಇರಲಿ, ಅಕ್ಷರ ಓರೆಯಾಗಿದ್ದರೆ ಇರಲಿ, ಅವನು ಬರೆದ ಗೆರೆ ಮೊಟ್ಟೆಯ ಹಾಗಿದ್ದರೆ ಹಾಗೇ ಇರಲಿ. ಅವನ ಆತ್ಮಕ್ಕೆ ಶಾಂತಿ ಕೊಡು. ಎಪ್ಪತ್ತು ವರ್ಷ ನಾನು ತಿದ್ದಿದ್ದು ಸಾಕು. ಅಲ್ಲಿ ಅವನನ್ನು ಯಾರೂ ತಿದ್ದದಿರಲಿ.